ಹುಣಸಮಾರನಹಳ್ಳಿಯ ಐದು ಬಿಂದುಗಳು

ಭೂಮಾಪನವೆಂದರೆ ಅಳೆಯುವುದಷ್ಟೇ ಎಂದು ತಿಳಿದವರ ನಡುವೆ, ಅಳೆದದ್ದನ್ನು ನಂಬುವುದೂ ಅದರ ಅರ್ಧ ಭಾಗವೆಂದು ಮೂವತ್ತೈದು ವರ್ಷ ಹೇಳುತ್ತಲೇ ಬಂದವರು ಶ್ರೀ ಚಿಕ್ಕಮಾರಯ್ಯನವರು. ಅಳತೆಯ ಸರಪಳಿ ಹಿಡಿದು ವೃತ್ತಿಗೆ ಬಂದು, ನೆಲದ ಏರುತಗ್ಗುಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಕಾಲದವರೆಗೂ ಉತ್ಸಾಹ ಕುಂದದೆ ದುಡಿದ ಅವರು, ಈ ೨೦೧೯ರಲ್ಲಿ ಹೆಬ್ಬಾಳದ ನಮ್ಮ ಸರ್ವೆ ಕಚೇರಿಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಸಾಧನೆಗಳನ್ನು ಈ ಬೀಳ್ಕೊಡುಗೆ ಸಂಚಿಕೆಯಲ್ಲಿ ಹಿರಿಯರು ಬರೆಯುತ್ತಾರೆ. ನನಗಿರುವುದು ತಪ್ಪೊಪ್ಪಿಗೆಯ ಕೆಲಸ.

೨೦೧೧ರಲ್ಲಿ ನಾನು ಸೇರಿದಾಗ ನನಗೆ ತಂತ್ರಾಂಶ ಬರುತ್ತಿತ್ತು, ನೆಲ ಬರುತ್ತಿರಲಿಲ್ಲ. ಬಯಲಿನಲ್ಲಿ ಅಳೆದ ಸಾವಿರಾರು ಬಿಂದುಗಳನ್ನು ತಂತ್ರಾಂಶವು ತ್ರಿಕೋನಗಳಾಗಿ ಹೆಣೆದು ನೆಲದ ಮಾದರಿ ಮಾಡಿಕೊಡುತ್ತದೆ. ತಪ್ಪು ಬಿಂದುಗಳನ್ನು ತೆಗೆದು, ಅಡ್ಡಾದಿಡ್ಡಿ ಗೆರೆಗಳನ್ನು ತಿದ್ದುವುದು ನಮ್ಮ ಕೆಲಸ. ತಿದ್ದಿದ್ದನ್ನು ಪರೀಕ್ಷಿಸುವಾಗ ಸಾರ್ ಎಂದೂ ಮೌಸ್ ಮುಟ್ಟಿದವರಲ್ಲ. ಪರದೆಯ ಮೇಲೆ ಬೆರಳಿಟ್ಟು, ಇಲ್ಲಿ ಒಂದು ಚೊಂಬು ನೀರು ಸುರಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ತಡವರಿಸಿದರೆ ಮಾದರಿ ವಾಪಸ್. ಬೆನ್ನ ಹಿಂದೆ ನಾವು ಅವರನ್ನು ಚೊಂಬು ಸಾರ್ ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು.

೨೦೧೩ರಲ್ಲಿ ಹುಣಸಮಾರನಹಳ್ಳಿಯ ಪಕ್ಕದ ಬಡಾವಣೆಯೊಂದಕ್ಕೆ ರಸ್ತೆಯ ಕೆಲಸ ಬಂತು. ನನ್ನ ಮಾದರಿಯಲ್ಲಿ ಐದು ಬಿಂದುಗಳು ಸುತ್ತಲಿನ ನೆಲಕ್ಕಿಂತ ಒಂದೂವರೆ ಮೀಟರ್ ಕೆಳಗಿದ್ದವು. ಅಳತೆ ಕೋಲಿನ ಎತ್ತರವನ್ನು ಯಾರೋ ತಪ್ಪಾಗಿ ನಮೂದಿಸಿದ್ದಾರೆಂದು ನಾನೇ ತೀರ್ಮಾನಿಸಿ ಐದನ್ನೂ ಅಳಿಸಿಬಿಟ್ಟೆ. ನೆಲ ದೋಸೆ ಹುಯ್ದ ಹಾಗೆ ಮಟ್ಟವಾಯಿತು. ಹೆಮ್ಮೆಯಿಂದ ಸಾರ್‌ಗೆ ತೋರಿಸಿದೆ. ಅವರು ನನ್ನ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು.

“ಆ ಕೊಚ್ಚೇಲಿ ಕೋಲು ಹಿಡ್ಕೊಂಡ್ ನಿಂತಿದ್ದವನು ನಾನೇ ಕಣಮ್ಮ. ನೀನು ನನ್ನನ್ನೇ ಅಳಿಸ್ಬಿಟ್ಟಿದ್ದೀಯ.”

ಬೈಯಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರ ಅಲ್ಲಿಗೇ ಕರೆದೊಯ್ದರು. ರಸ್ತೆ ಹಾದುಹೋಗಬೇಕಿದ್ದ ಜಾಗದ ಮೇಲುಗಡೆ ಮುನಿಕೃಷ್ಣಮ್ಮ ಎಂಬ ಹಾಲು ಮಾರುವ ಹೆಂಗಸಿನ ಮನೆ, ಎರಡು ಹಸು. ಅವರಿಂದ ಒಂದು ಚೊಂಬು ನೀರು ಕೇಳಿ ಪಡೆದು ಸಾರ್ ಹಿತ್ತಲಲ್ಲಿ ಸುರಿದರು. ನೀರು ಪೊದೆಯೊಳಗೆ ನುಗ್ಗಿತು. ಪೊದೆ ಸರಿಸಿದರೆ ಹಳೆಯ ಕಾಲುವೆ!

“ನಮ್ಮತ್ತೆ ಕಾಲ್ದಿಂದ್ಲೂ ಇಂಗೇ ಓಯ್ತದೆ,” ಎಂದರು ಮುನಿಕೃಷ್ಣಮ್ಮ. “ಅಡ್ಡ ಕಟ್ಟುದ್ರೆ ನಮ್ ಕೊಟ್ಟಿಗೇಗೇ ಬರ್ಬೇಕು.”

ನೀರು ಹಾಯಲು ಅಡಿಯಲ್ಲಿ ಮೋರಿಯಿಲ್ಲದ ರಸ್ತೆಯ ನಕ್ಷೆ ಮರುದಿನವೇ ಹೊರಡುವುದಿತ್ತು. ವಾಪಸ್ ಬಂದು ಐದು ಬಿಂದುಗಳನ್ನೂ ಮತ್ತೆ ಸೇರಿಸಿ, ಕಾಲುವೆಯ ಅಂಚುಗಳನ್ನು ಎಳೆದೆ. ಮೋರಿಯೂ ನಕ್ಷೆಗೆ ಬಂತು. ಬಡಾವಣೆಯವರ ಬಳಿ ಎರಡು ದಿನ ಗಡುವು ಕೇಳುವಾಗ ಸಾರ್ ಹೇಳಿದ್ದು, ನಮ್ಮ ರಮ್ಯ ಯಾರಿಗೂ ಕಾಣದ ಕಾಲುವೆಯೊಂದನ್ನು ಕಂಡುಹಿಡಿದಿದ್ದಾಳೆ ಎಂದು. ಆ ವರ್ಷ ನನಗೆ ಬಡ್ತಿ ಸಿಕ್ಕಿತು, ‘ಕಾಲುವೆ ರಮ್ಯ’ ಎಂಬ ಬಿರುದೂ ಸಿಕ್ಕಿತು. ನಾನು ಬಾಯಿ ಬಿಡಲಿಲ್ಲ.

೨೦೧೭ರ ದೊಡ್ಡ ಮಳೆಯ ಮಾರನೆಯ ದಿನ ಅಲ್ಲಿಗೆ ಓಡಿದೆ. ಕೊಟ್ಟಿಗೆ ಒಣಗಿತ್ತು. ಮೋರಿಯಲ್ಲಿ ಕಪ್ಪೆಗಳು ಸೇರಿಕೊಂಡು ನಿದ್ದೆಗೆಡಿಸುತ್ತಿವೆ ಎಂದು ಮುನಿಕೃಷ್ಣಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅಷ್ಟು ಸಂತೋಷದಿಂದ ನಾನು ಯಾರಿಂದಲೂ ಬೈಸಿಕೊಂಡಿಲ್ಲ.

ಈ ಲೇಖನದ ವಿಷಯ ತಿಳಿದು ಮೊನ್ನೆ ಸಾರ್ ಗೊಣಗಿದರು: “ಅದ್ನೆಲ್ಲ ಈಗ್ಯಾಕಮ್ಮ ಕೆದಕ್ತೀಯ? ಬಿಡು.”

“ಅಳಿಸಿದ್ದನ್ನ ವಾಪಸ್ ಹಾಕ್ತಿದೀನಿ ಸಾರ್,” ಎಂದೆ. ಸಾರ್ ಕನ್ನಡಕ ಒರೆಸಿಕೊಂಡರು.

ಯಲಹಂಕದ ಸುತ್ತಲಿನ ಮರೆತ ಕಾಲುವೆಗಳನ್ನೆಲ್ಲ ಗುರುತಿಸಿಡುವ, ನಿವೃತ್ತಿಯ ನಂತರದ ಅವರ ಹೊಸ ಕೆಲಸಕ್ಕೆ ನೂರು ವರ್ಷದ ಆಯುಸ್ಸೂ ಗಟ್ಟಿ ಕಾಲುಗಳೂ ಇರಲಿ. ಹುಣಸಮಾರನಹಳ್ಳಿಯ ಕಾಲುವೆಯನ್ನು ಕಂಡುಹಿಡಿದವಳು ನಾನಲ್ಲ. ಅದರೊಳಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದವರು ಚಿಕ್ಕಮಾರಯ್ಯನವರು.