ಭೋಂಗಾ ಇಳಿಸಿದ ಇಮಾಮಸಾಬ್

ಸಿರುಗುಪ್ಪದಲ್ಲಿ ನಾಟಕ ಕಂಪನಿ ಬೀಡುಬಿಟ್ಟಿತೆಂದರೆ ಆ ಸುದ್ದಿ ಸುತ್ತಲಿನ ಹಳ್ಳಿಗಳಿಗೆ ತಲುಪುತ್ತಿದ್ದದ್ದು ಇಮಾಮಸಾಬನ ಜಟಕಾದಲ್ಲಿ. ಎಪ್ಪತ್ತರ ಆಸುಪಾಸಿನ ಮಾತು. ಮೈಕು ಕಟ್ಟಿದ ಕಾರು ಆ ಕಡೆಗೆ ಇನ್ನೂ ಬಂದಿರಲಿಲ್ಲ. ಇಮಾಮಸಾಬ್ ಲಗಾಮನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ತಗಡಿನ ಭೋಂಗಾ ಬಾಯಿಗಿಟ್ಟು, ಯಾವ ನಾಟಕ, ಯಾವ ದಿನ, ಯಾರ ಪಾರ್ಟು ಎಂದು ಕೂಗುತ್ತ ಹೋಗುತ್ತಿದ್ದ. ಆಂಧ್ರದಿಂದ ಬಂದು ನೆಲೆಸಿದ ರೈತರ ಕಾಲುವೆ ಪಕ್ಕದ ಕ್ಯಾಂಪುಗಳಲ್ಲಿ ಅದನ್ನೇ ತೆಲುಗಿನಲ್ಲಿ ಕೂಗುತ್ತಿದ್ದ. ತಪ್ಪಿದರೆ ನಗುತ್ತಾರೆಂಬ ಅಂಜಿಕೆಯಿಂದ ತೆಲುಗಿನಲ್ಲಿ ಅವನ ದನಿ ತುಸು ಮೆತ್ತಗಾಗುತ್ತಿತ್ತು.

ಕೂಗುವುದೇನು ದೊಡ್ಡ ವಿದ್ಯೆಯಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ಇದ್ದದ್ದನ್ನು ಕೂಗಿದರಾಯಿತು. ಹ್ಯಾಂಡ್‌ಬಿಲ್ಲು ಎಂದರೆ ಗೊತ್ತಲ್ಲ, ಅದರಲ್ಲಿ ಹಾಡುವವರೆಲ್ಲ ಕೋಗಿಲೆಗಳೇ, ನಾಟಕಗಳೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸುವಂಥವೇ. ಇಮಾಮಸಾಬ್ ಅದನ್ನೆಲ್ಲ ಚಾಚೂ ತಪ್ಪದೆ ಕೂಗುತ್ತಿದ್ದ. ಕೂಗಿ ಮುಗಿದ ಮೇಲೆ, ನಾಟಕ ನಿಜಕ್ಕೂ ನೋಡುವಂತಿದ್ದರೆ, ಭೋಂಗಾ ಕೆಳಗಿಳಿಸಿ ಬರೀ ಬಾಯಲ್ಲಿ, "ನಾ ನೋಡೀನಿ, ಬರ್ರಿ" ಎನ್ನುತ್ತಿದ್ದ. ಇಷ್ಟೇ. ನೋಡಿರದಿದ್ದರೆ, ಅಥವಾ ನೋಡಿ ಬೇಸರಪಟ್ಟಿದ್ದರೆ, ಭೋಂಗಾ ಇಳಿಯುತ್ತಿರಲಿಲ್ಲ, ಕುದುರೆ ಸುಮ್ಮನೆ ಮುಂದೆ ಹೋಗುತ್ತಿತ್ತು. ಹಚ್ಚೊಳ್ಳಿಯಿಂದ ಹಿಡಿದು ಆಚೆ ಬಾದನಹಟ್ಟಿಯವರೆಗೆ ಜನ ಕೇಳುತ್ತಿದ್ದದ್ದು ಒಂದೇ: "ಸಾಬ ಭೋಂಗಾ ಇಳಿಸಿದ್ನೇನು?"

ಒಬ್ಬ ಕಂಪನಿ ಮಾಲಕ ಇವನು ಭೋಂಗಾ ಇಳಿಸಲಿ ಎಂದು ಜರಿಯಂಚಿನ ರುಮಾಲು ಹಿಡಿದುಕೊಂಡು ಮನೆಗೇ ಬಂದಿದ್ದ. ಇಮಾಮಸಾಬ್ ರುಮಾಲನ್ನು ಬಾಯ್ತುಂಬ ಹೊಗಳಿ, ಚಹಾ ಕುಡಿಸಿ, ರುಮಾಲಿನ ಸಮೇತ ಅವನನ್ನು ಕಳಿಸಿಕೊಟ್ಟ. ಹೆಂಡತಿ ಮಾಬುಬೀ ಮೂರು ದಿನ ಬೈದಳು. ಅವನಿಗೆ ಹೊಲವಿರಲಿಲ್ಲ, ನಾಲ್ಕನೇ ಇಯತ್ತೆಯ ಆಚೆ ಓದಿರಲಿಲ್ಲ, ಇದ್ದ ಮನೆಯೂ ಬಾಡಿಗೆಯದು. ತನ್ನದೆಂದು ಅವನಿಗಿದ್ದದ್ದು ಆ ಎರಡು ಮಾತು ಮಾತ್ರ, ಅದು ಅವನಿಗೂ ಗೊತ್ತಿತ್ತು.

ಆ ವರ್ಷ ಬೀಡುಬಿಟ್ಟದ್ದು ಕುರುಗೋಡಿನ ಕೊಟ್ಟೂರಪ್ಪನ ಕಂಪನಿ. ಕೊಟ್ಟೂರಪ್ಪ ಇಮಾಮಸಾಬನ ಇಪ್ಪತ್ತು ವರ್ಷದ ಗೆಳೆಯ. ಯಾರದೋ ಕಂಪನಿಯಲ್ಲಿ ಪರದೆ ಎಳೆಯುತ್ತ ಅರೆಹೊಟ್ಟೆಯಲ್ಲಿದ್ದಾಗ ಮಾಬುಬೀಯ ಕೈಯ ರೊಟ್ಟಿ ತಿಂದವನು. ಈಗ ಸ್ವಂತ ಕಂಪನಿ ಕಟ್ಟಿ, ಬೆರಳಿಗೆ ಉಂಗುರ ಹಾಕಿಕೊಂಡಿದ್ದ. ಆದರೆ ಪೆಂಡಾಲು ಅರ್ಧವೂ ತುಂಬುತ್ತಿರಲಿಲ್ಲ. ನಾಟಕಗಳು ಸಪ್ಪೆ, ಮತ್ತು ಗೆಳೆಯನ ಕಂಪನಿ ಎಂಬ ಕಾರಣಕ್ಕೆ ಭೋಂಗಾ ಇಳಿಸುವವನಲ್ಲ ಇಮಾಮಸಾಬ್.

ಒಂದು ಬುಧವಾರ ಬೆಳಿಗ್ಗೆ ಕೊಟ್ಟೂರಪ್ಪ ಕುದುರೆ ಲಾಯಕ್ಕೇ ಬಂದ.

"ದೋಸ್ತ, ಹಂಪಮ್ಮ ಮತ್ತ ಬಂದಾಳಲೇ" ಎಂದ. "ಶನಿವಾರ 'ಸುಂಕದವನ ಸೊಸೆ' ನಾಟಕದಾಗ ಆಕೀದೇ ಪಾರ್ಟು. ನಿನ್ನೆ ಬಳ್ಳಾರಿಯಾಗ ತಾಲೀಮು ಆತು. ಏನು ಹಾಡಿದಳಪ್ಪ, ನನ್ನ ಕಣ್ಣಾಗ ನೀರು ಬಂತು."

ಹಂಪಮ್ಮನ ಹಾಡು ಎಂದರೆ ಆ ಸೀಮೆಯ ಜನ ಊಟ ಬಿಟ್ಟು ಏಳುತ್ತಿದ್ದರು. ಎರಡು ವರ್ಷದ ಹಿಂದೆ ಅವಳು ಕೊಟ್ಟೂರಪ್ಪನ ಕಂಪನಿ ಬಿಟ್ಟು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅಕ್ಕನ ಮನೆ ಸೇರಿದ್ದಳು.

"ಶುಕ್ರವಾರ ತಾಲೀಮು ನೋಡಿ ಬರ್ತೀನಿ, ಆಮ್ಯಾಲ ಹೇಳ್ತೀನಿ" ಎಂದ ಇಮಾಮಸಾಬ್.

"ಶುಕ್ರವಾರ ನೋಡಿ ಯಾವಾಗ ಊರೂರು ತಿರುಗ್ತಿ? ನಾ ನೋಡಿದ್ರ ನೀ ನೋಡಿದಂಗ ಅಲ್ಲೇನು? ಇಪ್ಪತ್ತು ವರ್ಷಾತು, ನನ್ನ ಮಾತು ನಂಬಂಗಿಲ್ಲ ನೀನು?"

ಇದಕ್ಕೆ ಏನು ಹೇಳಬೇಕು? ರುಮಾಲು ತಂದವನನ್ನು ವಾಪಸು ಕಳಿಸುವುದು ಸುಲಭ. ಬರಿಗೈಯಲ್ಲಿ ಬಂದ ಗೆಳೆಯನ ಮುಖ ನೋಡುತ್ತ, ನಿನ್ನನ್ನು ನಂಬುವುದಿಲ್ಲ ಎನ್ನಲು ಎಂಥ ಎದೆ ಬೇಕು! ಇಮಾಮಸಾಬನಿಗೆ ಅಂಥ ಎದೆ ಇರಲಿಲ್ಲ. ಗುರುವಾರ, ಶುಕ್ರವಾರ ಎರಡೂ ದಿನ ಜಟಕಾ ತಿರುಗಿತು. ಪ್ರತಿ ಊರಲ್ಲೂ ಅವನು ಭೋಂಗಾ ಇಳಿಸಿದ. "ನಾ ನೋಡೀನಿ, ಬರ್ರಿ" ಎಂದ. ಮೊದಲ ಊರಿನಲ್ಲಿ ನಾಲಿಗೆ ಸ್ವಲ್ಪ ತಡೆಯಿತು, ಆಮೇಲೆ ರೂಢಿಯಾಯಿತು.

ಶನಿವಾರ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಚ್ಚೊಳ್ಳಿಯಿಂದಲೇ ನಾಲ್ಕು ಟ್ರ್ಯಾಕ್ಟರು ಬಂದಿದ್ದವು. ಮೊದಲ ಗಂಟೆ ಬಾರಿಸಿದ ಮೇಲೆ ಕೊಟ್ಟೂರಪ್ಪ ಪರದೆಯ ಮುಂದೆ ಬಂದು ಕೈಮುಗಿದು, ಹಂಪಮ್ಮನವರಿಗೆ ಇದ್ದಕ್ಕಿದ್ದಂತೆ ಜ್ವರ ಬಂದಿದೆ, ಅವರ ಪಾರ್ಟನ್ನು ಬೇರೆಯವರು ಮಾಡುತ್ತಾರೆ ಎಂದ. ಜನ ಗೊಣಗಿದರು, ಬಂದದ್ದಾಗಿದೆ ಎಂದು ಕೂತು ನೋಡಿದರು. ಹಂಪಮ್ಮನ ಪಾರ್ಟು ಮಾಡಿದವಳು ಹಾಡಿದ್ದನ್ನು ಹಾಡೆಂದು ಕರೆಯುವುದು ಬೇಡ.

ಇಮಾಮಸಾಬ್ ಎಂಥವನೆಂದರೆ, ಅವನು ಜ್ವರವನ್ನೂ ನಂಬಿದ. ಭಾನುವಾರ ಬೆಳಿಗ್ಗೆ ಆರು ಮೋಸಂಬಿ ಕಟ್ಟಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿದ. ಕಂಟೋನ್ಮೆಂಟಿನ ಆ ಮನೆಯ ಮುಂದೆ ಹಂಪಮ್ಮ ಹಳೇ ಪಂಚೆಯ ಮೇಲೆ ಸಂಡಿಗೆ ಇಡುತ್ತ ಕೂತಿದ್ದಳು. ಮೈ ಗಟ್ಟಿಯಾಗಿತ್ತು, ಮುಖದಲ್ಲಿ ಕಳೆ ಇತ್ತು.

"ಇಮಾಮಣ್ಣಾ! ಬರ್ರಿ ಬರ್ರಿ. ಇದೇನು ಹಣ್ಣು?"

"ನಿನಗ ಜ್ವರ ಅಂದ್ರಲ್ಲವ್ವ."

"ಜ್ವರ? ನನಗ?" ಹಂಪಮ್ಮ ನಕ್ಕಳು. ಅವನು ನಡೆದದ್ದನ್ನೆಲ್ಲ ಹೇಳಿದ ಮೇಲೆ ನಗು ನಿಂತಿತು. ಕೈಗೆ ಮೆತ್ತಿದ್ದ ಹಿಟ್ಟನ್ನು ತಟ್ಟೆಯ ಅಂಚಿಗೆ ಒರೆಸಿದಳು. "ಕೊಟ್ಟೂರಪ್ಪಣ್ಣನ ಮಾರಿ ನೋಡಿ ಎರಡು ವರ್ಷಾತು. ಯಾರೂ ನನ್ನ ಕರೀಲಿಲ್ಲಣ್ಣ. ಕರೆದಿದ್ರ ಬರ್ತಿದ್ದೆ. ನಡಕೊಂಡು ಬರ್ತಿದ್ದೆ."

ಸೋಮವಾರ ಇಮಾಮಸಾಬ್ ಪೆಂಡಾಲಿಗೆ ಹೋದಾಗ ಕೊಟ್ಟೂರಪ್ಪ ಕುರ್ಚಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಸಿಕ್ಕಿಬಿದ್ದೆನೆಂಬ ನಾಚಿಕೆಯೂ ಅವನಿಗಿರಲಿಲ್ಲ.

"ಆಕಿ ಹೆಸರಿಗೇ ಪೆಂಡಾಲು ತುಂಬ್ತೈತಿ ಅಂದ್ಮ್ಯಾಲ ಆಕಿ ಯಾಕ ಬೇಕಲೇ?" ಎಂದ.

"ಜನ ಆಕಿ ಹೆಸರಿಗೆ ಬರಲಿಲ್ಲ, ಕೊಟ್ಟೂರ. ನಾ ನೋಡೀನಿ ಅಂದೆ, ಅದಕ್ಕ ಬಂದ್ರು."

"ಅದು ನನಗ ಗೊತ್ತಿಲ್ಲೇನು?" ಕೊಟ್ಟೂರಪ್ಪ ತಟ್ಟೆ ಕೆಳಗಿಟ್ಟು, ಪ್ರೀತಿಯಿಂದಲೇ ಹೇಳಿದ. "ಇಪ್ಪತ್ತು ವರ್ಷ ಭೋಂಗಾ ಇಳಿಸು ಅಂತ ನಿನ್ನ ಒಮ್ಮೆನೂ ಕೇಳಿಲ್ಲ ನಾನು. ಎಷ್ಟು ಸಲ ಪೆಂಡಾಲು ಖಾಲಿ ಹೋತು, ಕೇಳಿದೆನೇನು? ನಿನ್ನ ಮಾತಿನ ಬೆಲೆ ಕೂಡಿ ಬೆಳೀಲಿ, ಒಂದು ದಿನ ಉಪಯೋಗಕ್ಕ ಬರ್ತೈತಿ ಅಂತ ಬಿಟ್ಟಿದ್ದೆ. ಬಂತು."

ಉಂಡ ಮನೆಯ ಗಳ ಎಣಿಸುವವರ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಇಪ್ಪತ್ತು ವರ್ಷ ಕೂತು ಎಣಿಸಿದವನನ್ನು ಇಮಾಮಸಾಬ್ ಅಂದು ಕಣ್ಣಾರೆ ಕಂಡ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಆದದ್ದು ಅವಮಾನ. ಹೇಳದೆ ಹೊರಟುಬಂದ.

ಗುರುವಾರ ಹ್ಯಾಂಡ್‌ಬಿಲ್ಲಿಲ್ಲದ ಜಟಕಾ ಹಚ್ಚೊಳ್ಳಿಗೆ ಬಂತು. ಚಹಾದಂಗಡಿಯ ಮುಂದೆ ಜನ ಸೇರಿದ್ದರು. ಕಟ್ಟೆಯ ಮೇಲೆ ಯಂಕಮ್ಮ ಎಂಬ ಮುದುಕಿ ಕೂತಿದ್ದಳು. ಇಮಾಮಸಾಬ್ ಹೇಳಿದ ಒಂದು ನಾಟಕವನ್ನೂ ಬಿಟ್ಟವಳಲ್ಲ. ಆ ಶನಿವಾರವೂ ಮೊಣಕಾಲು ನೋವಿನಲ್ಲೇ ಟ್ರ್ಯಾಕ್ಟರು ಹತ್ತಿದ್ದಳು. ಬೈಸಿಕೊಳ್ಳಲು, ಬೇಕಾದರೆ ಹೊಡೆಸಿಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡೇ ಇಮಾಮಸಾಬ್ ಕೆಳಗಿಳಿದ.

"ಹಂಪಮ್ಮಗ ಜ್ವರ ಬಂದಿದ್ದಿಲ್ಲ. ಆಕಿನ್ನ ಕರೆದೇ ಇದ್ದಿಲ್ಲ. ನಾ ಏನೂ ನೋಡಿದ್ದಿಲ್ಲ. ನೋಡೀನಿ ಅಂತ ಸುಳ್ಳು ಹೇಳಿದೆ."

ಯಾರೂ ಬೈಯಲಿಲ್ಲ. ಒಬ್ಬ ಚಹಾ ಕುಡಿಯುವುದನ್ನು ಮುಂದುವರಿಸಿದ. ಇದು ತಮಗೆ ಆಗಲೇ ಗೊತ್ತಿತ್ತು ಎಂಬಂತಿದ್ದವು ಆ ಮುಖಗಳು.

"ಎಷ್ಟು ಕೊಟ್ಟ ತಮ್ಮಾ ಅಂವ?" ಯಂಕಮ್ಮ ಸಮಾಧಾನದಿಂದಲೇ ಕೇಳಿದಳು. "ಹೇಳಪ್ಪ, ನಾಚಬ್ಯಾಡ. ಎಲ್ಲರಿಗೂ ಹೊಟ್ಟಿ ಐತಿ."

"ಏನೂ ಕೊಡಲಿಲ್ಲ ಯವ್ವ. ದೋಸ್ತ ಹೇಳಿದ ಅಂತ ಹೇಳಿದೆ."

ಮುದುಕಿ ಅವನ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಇರದಿದ್ದ ಮರುಕ ಈಗ ಅವಳ ಮುಖದಲ್ಲಿತ್ತು.

"ಅಯ್ಯ ನಮ್ಮಪ್ಪಾ" ಎಂದಳು. "ನಿನ್ನ ಮಾತು ರೊಕ್ಕಕ್ಕರ ಮಾರಿದಿ ಅಂತ ತಿಳಿದಿದ್ವಿ. ಪುಕ್ಕಟೆ ಕೊಟ್ಟು ಬಂದ್ಯಾ?"

ಯಾರೂ ನಗಲಿಲ್ಲ. ಇಮಾಮಸಾಬ್ ಕುದುರೆಯ ಬೆನ್ನ ಮೇಲೆ ಕೈಯಿಟ್ಟು, ಹಚ್ಚೊಳ್ಳಿಯ ನಡುಬೀದಿಯಲ್ಲಿ, ಎಲ್ಲರ ಎದುರಿಗೇ ಅತ್ತ.