ತಿರುಗಿ ಹೇಳಿಸುತ್ತಿದ್ದವರು

ನಮ್ಮ ಹೆಡ್‌ಕ್ಲಾರ್ಕರ ಕೆಳತುಟಿಯ ನಡುವೆ ಸದಾ ಒಂದು ನೇರಳೆ ಚುಕ್ಕೆ ಇರುತ್ತಿತ್ತು. ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲನ್ನು ನಾಲಗೆಗೆ ತಾಗಿಸಿ ಬರೆಯುವ ಚಟ ಅವರದು. ಆ ಚುಕ್ಕೆ ಅಲುಗಿತೆಂದರೆ ನನಗೊಂದು ಪ್ರಶ್ನೆ ಬಂತೆಂದೇ ಅರ್ಥ.

ಐವತ್ತರ ದಶಕದ ಕೊನೆಯಲ್ಲಿ, ಬಂದರಿನ ಹಂಚಿನ ವ್ಯಾಪಾರಿಯೊಬ್ಬರ ಆಫೀಸಿಗೆ ಟೈಪಿಸ್ಟಳಾಗಿ ಸೇರಿದೆ. ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆರು ತಿಂಗಳು ನೋಡಿ ಖಾಯಂ ಮಾಡುವುದೆಂದು ಧಣಿಗಳು ಹೇಳಿದ್ದರು. ಆ ಆರು ತಿಂಗಳೂ ಈ ಹೆಡ್‌ಕ್ಲಾರ್ಕರು ನನ್ನ ಜೀವ ಹಿಂಡಿದರು. ಅವರು ಕೆಲಸ ಹೇಳಿದಾಗ ನಾನು "ಆಯ್ತು ಸರ್" ಎಂದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ.

"ಎಂತ ಆಯ್ತು? ನಾನು ಹೇಳಿದ್ದನ್ನು ನೀನೊಮ್ಮೆ ಹೇಳು, ನೋಡುವ."

ಎರಡು ಪ್ರತಿ ಟೈಪ್ ಮಾಡಿ ಒಂದನ್ನು ಗೋದಾಮಿಗೆ ಕಳಿಸಬೇಕು ಎಂದು ಶಾಲೆಯ ಮಗುವಿನಂತೆ ಒಪ್ಪಿಸಬೇಕು. ಲಕೋಟೆ ಅಂಟಿಸುವುದಕ್ಕೂ ಇದೇ ಪಾಠ. ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಮ್ಮ ಅಂಗಡಿಯಿಂದ ತರಬೇಕಾದ ಸಾಮಾನು ಹೇಳಿದಾಗ, ನನಗೇ ಗೊತ್ತಿಲ್ಲದೆ ಎಲ್ಲವನ್ನೂ ತಿರುಗಿ ಒಪ್ಪಿಸಿದೆ. ಅಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಮಳೆಗಾಲ ಹತ್ತಿರ ಬಂದಿತ್ತು. ಆ ವರ್ಷದ ಕೊನೆಯ ಮಂಜಿಗೆ, ಅಂದರೆ ಹಂಚು ಸಾಗಿಸುವ ಹಾಯಿಹಡಗಿಗೆ, ಬೆಳಗ್ಗಿನಿಂದ ಸರಕು ಏರುತ್ತಿತ್ತು. ಹೆಡ್‌ಕ್ಲಾರ್ಕರು ಅದನ್ನು ನೋಡಿಕೊಳ್ಳಲು ಹಡಗು ನಿಲ್ಲುವ ದಕ್ಕೆಗೆ ಹೋಗಿದ್ದರು. ಆಗ ಕಾರ್ಖಾನೆಯಿಂದ ಫೋನ್ ಬಂತು: ಮೂರನೆಯ ಭಟ್ಟಿಯ ಹಂಚು ಸರಿಯಾಗಿ ಬೆಂದಿಲ್ಲ, ಏರಿಸಬೇಡಿ. ದಕ್ಕೆ ಐದೇ ನಿಮಿಷದ ದಾರಿ. ಆದರೆ ಹೋದರೆ ಕೂಲಿಗಳೆಲ್ಲರ ಎದುರು ಮತ್ತದೇ ಹೇಳು, ತಿರುಗಿ ಹೇಳು. ಸಾಕಪ್ಪಾ ಸಾಕು ಎಂದು ವಿಷಯವನ್ನು ಚೀಟಿಯಲ್ಲಿ ಬರೆದು, ಅವರ ಮೇಜಿನ ಪೇಪರ್‌ವೆಯ್ಟಿನ ಅಡಿ ಇಟ್ಟು ಟೈಪ್ ಮಾಡುತ್ತ ಕುಳಿತೆ.

ಅವರು ಮರಳುವಾಗ ಮಧ್ಯಾಹ್ನವಾಗಿತ್ತು. ಆ ಹಂಚೆಲ್ಲ ಮಂಜಿಯೊಳಗೆ ಸೇರಿಯಾಗಿತ್ತು. ಚೀಟಿ ಓದಿ ಅವರು ಬೈಯಲಿಲ್ಲ.

"ಚೀಟಿ ಇಟ್ಟರೆ ಹೇಳಿದ ಹಾಗೆ ಆಗ್ತದಾ ಮಾರಾಯ್ತಿ?" ಎಂದವರೇ ನನ್ನನ್ನು ಧಣಿಗಳ ಕೋಣೆಯ ಬಾಗಿಲಿಗೆ ಕರೆದೊಯ್ದರು. "ನೀನೇ ಹೇಳು. ಮೊದಲು ಆದದ್ದು, ಮತ್ತೆ ಈಗ ಎಂತ ಮಾಡಬೇಕು ಅಂತ. ಅಳುವುದು ಹೊರಗೆ ಬಂದ ಮೇಲೆ."

ಕೆಲಸ ಹೋಯಿತೆಂದೇ ಒಳಗೆ ಕಾಲಿಟ್ಟೆ. ತಪ್ಪು ನನ್ನದು, ಹಂಚು ಇಳಿಸಲು ಜನ ಬೇಕು, ಮಂಜಿಯನ್ನು ಒಂದು ದಿನ ನಿಲ್ಲಿಸಬೇಕು ಎಂದೆ. ಧಣಿಗಳು ಜನ ಕಳಿಸಿದರು. ಮುಂದಿನ ತಿಂಗಳು ಖಾಯಂ ಆದೇಶ ಕೈಗೆ ಬಂತು. ಹೆಡ್‌ಕ್ಲಾರ್ಕರು ಒಂದು ಒಳ್ಳೆಯ ಮಾತೂ ಆಡದೆ, ಅದರಲ್ಲಿ ಏನು ಬರೆದಿದೆ ಎಂದು ನನ್ನಿಂದಲೇ ಹೇಳಿಸಿದರು.

ಹತ್ತು ವರ್ಷದ ಮೇಲೆ, ಅವರು ಆಸ್ಪತ್ರೆಯಲ್ಲಿದ್ದಾರೆಂದು ಕೇಳಿ ನೋಡಲು ಹೋದೆ. ನಾನು ಬಾಗಿಲಿಗೆ ಬರುವಾಗ ಡಾಕ್ಟರು ಮೆಲುದನಿಯಲ್ಲಿ ಏನೋ ಹೇಳುತ್ತಿದ್ದರು. ಇವರು "ಆಯ್ತು, ಆಯ್ತು" ಎಂದು ತಲೆಯಾಡಿಸುತ್ತಿದ್ದರು. ನನಗೆ ಹಳೆಯ ಸಿಟ್ಟೆಲ್ಲ ಒಮ್ಮೆಗೇ ನೆನಪಾಯಿತು. ಡಾಕ್ಟರು ಹೋದ ಮೇಲೆ ಬಿಡಲಿಲ್ಲ.

"ಎಂತ ಆಯ್ತು ಸರ್? ಅವರು ಹೇಳಿದ್ದನ್ನು ಒಮ್ಮೆ ಹೇಳಿ, ನೋಡುವ."

ಅವರು ನಕ್ಕರು. ತುಟಿಯ ಮೇಲೆ ಚುಕ್ಕೆ ಇರಲಿಲ್ಲ.

"ಮನೆಗೆ ಹೋಗಬಹುದು. ಇಷ್ಟವಾದದ್ದು ತಿನ್ನಬಹುದು. ಇನ್ನು ಮದ್ದು ಕೊಟ್ಟು ಪ್ರಯೋಜನ ಇಲ್ಲ."

ಒಂದು ಮಾತನ್ನೂ ಬಿಟ್ಟಿರಲಾರರು ಎಂಬುದು ನನಗೆ ಗೊತ್ತಿತ್ತು. "ಆಯ್ತು ಸರ್" ಎಂದೆ. ಅದೊಂದು ಸಲ ಅವರು ನನ್ನಿಂದ ತಿರುಗಿ ಹೇಳಿಸಲಿಲ್ಲ. ಹೊರಗೆ ಬಂದ ಮೇಲೆ ಅತ್ತೆ.