‘ಇರಬಹುದು’ ಅಕ್ಕನ ಎಂಟು ಪದ

ಸಮಸ್ತ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ‘ಮೊದಲಕ್ಷರ ಶೋಧಕ’ ಎಂಬ ಸಾಫ್ಟ್‌ವೇರಿನ ಕೈಪಿಡಿಯ ಹದಿನೇಳನೇ ಪುಟದಲ್ಲಿ ಅಕ್ರಮವಾಗಿ ಠಿಕಾಣಿ ಹೂಡಿದ್ದ ಅಲ್ಪವಿರಾಮವೊಂದನ್ನು ಇಂದು ಬೆಳಗಿನ ಐದೂಮುಕ್ಕಾಲಿಗೆ ತೆರವುಗೊಳಿಸಲಾಗಿದೆ. ಪ್ರಾಣಹಾನಿ ಇಲ್ಲ. ಓದುಗರು ಗಾಬರಿಯಾಗಬೇಕಿಲ್ಲ; ಆ ಪುಟಕ್ಕೆ ಓದುಗರೇ ಇಲ್ಲ.

ತೆರವು ಕಾರ್ಯಾಚರಣೆ ನಡೆಸಿದವರು ಮೂರನೇ ಮಹಡಿಯಲ್ಲಿ, ಪ್ರಿಂಟರಿಗೂ ಕೈತೊಳೆಯುವ ಬೇಸಿನ್ನಿಗೂ ನಡುವೆ ಕೂರುವ ಐವತ್ತೊಂದರ ಹೆಂಗಸು. ಕುರ್ಚಿಯ ಐದು ಚಕ್ರಗಳಲ್ಲಿ ಒಂದು ನಾಪತ್ತೆ. ಅಲ್ಲಿಗೆ ಹಳೇ ಆವೃತ್ತಿಯ ಕೈಪಿಡಿಯನ್ನೇ ಒತ್ತುಕೊಟ್ಟಿದ್ದಾರೆ. ಓದಿಗಲ್ಲದಿದ್ದರೂ ಆಧಾರಕ್ಕಾಯಿತು. ಹಗಲು ಹೊತ್ತು ಪರೀಕ್ಷಾ ಯಂತ್ರ ಸಾಫ್ಟ್‌ವೇರ್ ಕಟ್ಟುವವರಿಗೆ ಮೀಸಲು. ಅದರ ಬಗ್ಗೆ ಬರೆಯುವವರಿಗೆ ಸಿಗುವುದು ಐದೂವರೆಯಿಂದ ಎಂಟು. ಹಾಗಾಗಿ ಕಸ ಗುಡಿಸುವವರಿಗಿಂತ ಮುಂಚೆ ಈಕೆ ಹಾಜರು.

ತಾನೇ ಟೈಪ್ ಮಾಡಿ ನೋಡದ ಒಂದೇ ಒಂದು ಉದಾಹರಣೆಯನ್ನೂ ಈಕೆ ಕೈಪಿಡಿಗೆ ಸೇರಿಸುವುದಿಲ್ಲ. ಇನ್ನೂರ ಹನ್ನೆರಡು ಪುಟ, ಅರವತ್ನಾಲ್ಕು ಉದಾಹರಣೆ, ದಿನಕ್ಕೆ ಮೂರು ಸುತ್ತು. ಒಂಬತ್ತು ವರ್ಷದಿಂದ ಇದೇ ವ್ರತ. ಕೈಪಿಡಿಯ ಜಾಲಪುಟಕ್ಕೆ ತಿಂಗಳಿಗೆ ಇಬ್ಬರು ಬರುತ್ತಾರೆಂದು ಲೆಕ್ಕ ಹೇಳುತ್ತದೆ. ಅದರಲ್ಲಿ ಒಬ್ಬರು ಈಕೆಯೇ.

ಶೋಧಕ ಮಾಡುವುದಿಷ್ಟು: ಹೆಸರಿನ ಮೊದಲ ಕೆಲವು ಅಕ್ಷರ ಕೊಟ್ಟರೆ, ಆ ಅಕ್ಷರಗಳಿಂದ ಶುರುವಾಗುವ ಹೆಸರು ಪಟ್ಟಿಯಲ್ಲಿದೆಯೇ ಎಂದು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುತ್ತದೆ. ಲಕ್ಷಾಂತರ ಹೆಸರುಗಳನ್ನು ಹೊತ್ತು ತಿರುಗಲು ಅದಕ್ಕೆ ಜಾಗವಿಲ್ಲ, ಬರೀ ಗುರುತುಗಳನ್ನು ಇಟ್ಟುಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಗೊತ್ತಿರುವ ಉತ್ತರ ಎರಡೇ: ‘ಇಲ್ಲ’ ಮತ್ತು ‘ಇರಬಹುದು’.

“ಹೆಜ್ಜೆ ಗುರುತು ನೋಡಿ ಯಾರು ಬಂದಿದ್ರು ಅಂತ ಹೇಳೋ ಹಾಗೆ,” ಎನ್ನುತ್ತಾರೆ ಆಕೆ. “ಗುರುತೇ ಇಲ್ಲ ಅಂದ್ರೆ ಯಾರೂ ಬಂದಿಲ್ಲ, ಗ್ಯಾರಂಟಿ. ಗುರುತು ಇದೆ ಅಂತ ಅವನೇ ಬಂದಿದ್ದ ಅನ್ನೋಕಾಗುತ್ತಾ? ಅದೇ ಅಳತೆ ಕಾಲು ಊರಲ್ಲಿ ಎಷ್ಟಿಲ್ಲ?”

ಇಷ್ಟನ್ನು ಎಲ್ಲರಿಗೂ ಹೇಳಿ ಹೇಳಿ ಆಫೀಸಿನಲ್ಲಿ ಆಕೆಗೆ ‘ಇರಬಹುದಕ್ಕ’ ಎಂಬ ಬಿರುದು ಸಿಕ್ಕಿದೆ. ಬಡ್ತಿ ಸಿಗದವರಿಗೆ ಬಿರುದು ಸಿಗುತ್ತದೆ.

ಕೈಪಿಡಿಯ ಮೊದಲ ಪುಟದ ಮೊದಲ ಸಾಲಾಗಿ ಆಕೆ ಬರೆದಿದ್ದು ಎಂಟೇ ಪದ: ‘ಇಲ್ಲ’ ಎಂದರೆ ನಂಬಿ, ‘ಇರಬಹುದು’ ಎಂದರೆ ಅಸಲಿ ಪಟ್ಟಿ ನೋಡಿ. ಮ್ಯಾನೇಜರ್ ಓದಿ, ಗಿರಾಕಿ ಹೊಸ್ತಿಲಲ್ಲೇ ಹೆದರಿ ಓಡುತ್ತಾನೆ ಎಂದು ಅದನ್ನು ನಲವತ್ಮೂರನೇ ಪುಟದ ಅಡಿಗೆ ಅಟ್ಟಿದರು. ಅಡಿಟಿಪ್ಪಣಿ ಎಂದರೆ ಅಡಿಗೆ ಹಾಕಿ ತುಳಿದ ಟಿಪ್ಪಣಿ.

ಹೋದ ವರ್ಷ ಆ ಶೋಧಕ ಬಸ್ ಪಾಸ್ ಕೌಂಟರುಗಳಿಗೆ ಹೋಯಿತು, ರದ್ದಾದ ಪಾಸುಗಳನ್ನು ಹಿಡಿಯಲು. ಒಂದು ಬೆಳಿಗ್ಗೆ ಕೌಂಟರಿನ ಮುಂದೆ ನಿಂತಿದ್ದು ಇದೇ ಅಕ್ಕನ ಅಮ್ಮ, ಎಪ್ಪತ್ತಾರರ ಮುದುಕಿ. ಸಾಲು ಉದ್ದವಿತ್ತು. ಗುಮಾಸ್ತ ಹೆಸರಿನ ಮೂರಕ್ಷರ ಒತ್ತಿದ. ರದ್ದಾದವುಗಳ ಪಟ್ಟಿಯಲ್ಲಿ ‘ಇರಬಹುದು’ ಎಂದಿತು ಪರದೆ. ಆತ ಕತ್ತರಿ ತೆಗೆದು, ಪಾಸನ್ನು ಎಲ್ಲರೆದುರೇ ಎರಡು ತುಂಡು ಮಾಡಿದ. ಮೊಣಕಾಲಿಗೆ ವಾರಕ್ಕೆ ಮೂರು ದಿನ ಚಿಕಿತ್ಸೆಗೆ ಹೋಗುವ ಜೀವ, ನಾಲ್ಕು ಕಿಲೋಮೀಟರ್ ನಡೆದು ಮನೆಗೆ ಬಂತು. ಹೊಸ ಪಾಸಿನ ಅರ್ಜಿ ಇನ್ನೂ ‘ಪರಿಶೀಲನೆಯಲ್ಲಿದೆ’. ಚಿಕಿತ್ಸೆ ಈಗ ವಾರಕ್ಕೊಂದೇ ದಿನ.

ಅಮ್ಮ ಬೈಯಲಿಲ್ಲ. ತುಂಡುಗಳನ್ನು ಮೇಜಿನ ಮೇಲಿಟ್ಟು ಕೇಳಿದ್ದು ಒಂದೇ ಮಾತು: “ಆ ಪುಸ್ತಕ ಬರೆದೋಳು ನೀನೇ ಅಂತಿದ್ಯಲ್ಲೇ. ನನಗೊಂದು ಸಾಲು ಬರೆಯೋಕಾಗ್ಲಿಲ್ವಾ?”

ಅಟ್ಟಿದ್ದ ಎಂಟು ಪದಗಳನ್ನು ಮೊದಲ ಪುಟಕ್ಕೆ ಮರಳಿ ತರುವ ಮಗಳ ಮಹಾಯೋಜನೆ ಅಂದೇ ಶುರುವಾಯಿತು. ಪಟ್ಟಿಯಲ್ಲಿ ಇಲ್ಲವೇ ಇಲ್ಲದ ಹತ್ತು ಸಾವಿರ ಹೆಸರುಗಳನ್ನು ಬೆಳಬೆಳಗ್ಗೆ ಒಂದೊಂದಾಗಿ ಕೊಟ್ಟು ನೋಡಿದರು. ನಾಲ್ಕು ತಿಂಗಳು ಹಿಡಿಯಿತು. ಮುನ್ನೂರ ಹನ್ನೆರಡಕ್ಕೆ ಶೋಧಕ ‘ಇರಬಹುದು’ ಎಂದಿತು. ಮುನ್ನೂರ ಹನ್ನೆರಡು ಕತ್ತರಿ, ಎಂದು ಆಕೆ ವರದಿಯಲ್ಲಿ ಬರೆದು, ಆಮೇಲೆ ತಾನೇ ಹೊಡೆದುಹಾಕಿದರು. ಕೈಪಿಡಿಯವರು ಹಾಗೆಲ್ಲ ಬರೆಯಬಾರದು.

ಮ್ಯಾನೇಜರ್ ಓದಿ ಕನ್ನಡಕ ತೆಗೆದರು. ಮೊದಲ ಪುಟಕ್ಕೇ ಹಾಕೋಣ, ಕೆಂಪಕ್ಷರದಲ್ಲಿ ಹಾಕೋಣ ಎಂದರು. ಅಕ್ಕ ಆ ದಿನ ಮನೆಗೆ ಹೋಗಿ ಅಮ್ಮನ ಮೊಣಕಾಲಿಗೆ ಎಣ್ಣೆ ಹಚ್ಚುತ್ತ, ಇನ್ನು ಯಾರ ಪಾಸಿಗೂ ಹೀಗಾಗಲ್ಲ ಅಂದರಂತೆ. “ಇರಬಹುದು,” ಎಂದಿತಂತೆ ಮುದುಕಿ.

ಆದರೆ ಅಚ್ಚಾದ ಕೈಪಿಡಿಯಲ್ಲಿ ಚುಕ್ಕೆ, ಅಲ್ಪವಿರಾಮ ಬಿಟ್ಟು ಬೇರೇನು ಕದಲಿಸಬೇಕಾದರೂ ಒಂದು ‘ದೋಷ ಸಂಖ್ಯೆ’ ಬೇಕು. ಅದನ್ನು ಕೊಡುವುದು ಪರೀಕ್ಷಾ ವಿಭಾಗ. ಅವರು ಮೂರು ವಾರ ಪರಿಶೀಲಿಸಿ ನಿನ್ನೆ ಉತ್ತರ ಕಳಿಸಿದ್ದಾರೆ. ಶೋಧಕವು ಮುನ್ನೂರ ಹನ್ನೆರಡು ಬಾರಿಯೂ ತಾನು ಹೇಳಬೇಕಾದ್ದನ್ನೇ ಹೇಳಿದೆ. ಆದ್ದರಿಂದ ದೋಷವಿಲ್ಲ. ದೋಷವಿಲ್ಲದ್ದಕ್ಕೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದೆ ಬದಲಾವಣೆ ಇಲ್ಲ. ಅರ್ಜಿ ಮುಕ್ತಾಯ. ಪುರಾವೆಯಾಗಿ ಲಗತ್ತಿಸಿರುವುದು ಕೈಪಿಡಿಯ ನಲವತ್ಮೂರನೇ ಪುಟದ ಪ್ರತಿ. ಅಡಿಯ ಎಂಟು ಪದಗಳಿಗೆ ಹಳದಿ ಬಣ್ಣ ಬಳಿದಿದ್ದಾರೆ.

ಅಕ್ಕ ಆ ಹಾಳೆಯನ್ನು ಎರಡು ಸಲ ಓದಿ, ಮಡಚಿ, ಡ್ರಾಯರಿಗೆ ಹಾಕುತ್ತಾರೆ.

“ಒಂಬತ್ತು ವರ್ಷ ಆಯ್ತು,” ಎನ್ನುತ್ತಾರೆ. “ಕೊನೆಗೂ ಯಾರೋ ಒಬ್ರು ಅದನ್ನ ಓದಿದ್ರಲ್ಲ.”